ಸುರಂಜನ್ ದಾಸ್ ಯಾರು? ಬೆಂಗಳೂರಿನ ರಸ್ತೆಯ ಹೆಸರಾಗಿ ಉಳಿದ ವಾಯುಪಡೆ ಅಧಿಕಾರಿಯ ಬದುಕು

ಬೆಂಗಳೂರು: ಹಳೆ ಮದ್ರಾಸ್ ರಸ್ತೆಯ ಬೈಯಪ್ಪನಹಳ್ಳಿ ಕಡೆಯಿಂದ ಹಳೆ ಏರ್‌ಪೋರ್ಟ್ ರಸ್ತೆಗೆ ಹೋಗುವವರಿಗೆ ಸುರಂಜನ್ ದಾಸ್ ರಸ್ತೆ ಚಿರಪರಿಚಿತ. ಸಿ.ವಿ. ರಾಮನ್ ನಗರ, ನ್ಯೂ ತಿಪ್ಪಸಂದ್ರದ ಜನರಿಗಂತೂ ಅದು ದಿನನಿತ್ಯದ ದಾರಿ. ಆಟೋ ಚಾಲಕರು, ಡೆಲಿವರಿ ಹುಡುಗರು, ಐಟಿ ಉದ್ಯೋಗಿಗಳು ದಿನಕ್ಕೆ ಹತ್ತಾರು ಸಲ ಈ ಹೆಸರು ಹೇಳುತ್ತಾರೆ. ಟ್ರಾಫಿಕ್ ಜಾಮ್ ಸುದ್ದಿಯಲ್ಲೂ ಈ ಹೆಸರು ಬರುತ್ತಲೇ ಇರುತ್ತದೆ.

ಆದರೆ ಈ ಸುರಂಜನ್ ದಾಸ್ ಯಾರು? ಬಂಗಾಳಿ ಹೆಸರು ಬೆಂಗಳೂರಿನ ರಸ್ತೆಗೆ ಬಂದಿದ್ದು ಹೇಗೆ?

ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನವನ್ನು ಮೊದಲ ಸಲ ಆಕಾಶಕ್ಕೆ ಕೊಂಡೊಯ್ದವರು ಇವರೇ. ಅದೇ ವಿಮಾನದ ಸುಧಾರಿತ ಮಾದರಿಯನ್ನು ಪರೀಕ್ಷಿಸುವಾಗ, ಇದೇ ಬೆಂಗಳೂರಿನಲ್ಲಿ ಪ್ರಾಣ ಕಳೆದುಕೊಂಡವರೂ ಇವರೇ. ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅವರ ಕಥೆ ಎಂದರೆ ಭಾರತದ ವಿಮಾನ ಉದ್ಯಮದ ಮೊದಲ ದೊಡ್ಡ ಕನಸಿನ ಕಥೆಯೂ ಹೌದು. ಆ ಕನಸಿಗೆ ಅಂದು ಸಿಗದೇ ಹೋದ ಎಂಜಿನ್ ಇವತ್ತಿಗೂ ನಮಗೆ ಪೂರ್ತಿಯಾಗಿ ಕೈಗೆ ಸಿಕ್ಕಿಲ್ಲ.

ನ್ಯಾಯಮೂರ್ತಿಗಳ ಮನೆಯ ಮಗ

ಸುರಂಜನ್ ದಾಸ್ ಹುಟ್ಟಿದ್ದು 1920ರ ಫೆಬ್ರವರಿ 22ರಂದು, ಬಂಗಾಳದ ಹೆಸರಾಂತ ವಕೀಲರ ಮನೆತನದಲ್ಲಿ. ತಂದೆ ಸುಧಿ ರಂಜನ್ ದಾಸ್. ರವೀಂದ್ರನಾಥ ಟ್ಯಾಗೋರರ ಶಾಂತಿನಿಕೇತನದಲ್ಲಿ ಓದಿ, ಮುಂದೆ ಕಾನೂನು ಕಲಿತು, ನ್ಯಾಯಾಧೀಶರಾಗಿ ಮೇಲೇರಿದವರು. 1956ರ ಫೆಬ್ರವರಿ 1ರಂದು ಅವರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು. ಸ್ವತಂತ್ರ ಭಾರತದ ಐದನೇ ಸಿಜೆಐ ಅವರು. 1959ರ ಸೆಪ್ಟೆಂಬರ್‌ನಲ್ಲಿ ನಿವೃತ್ತರಾದ ಮೇಲೆ ತಾವು ಓದಿದ ಶಾಂತಿನಿಕೇತನಕ್ಕೇ ಮರಳಿ, ವಿಶ್ವಭಾರತಿಯ ಕುಲಪತಿಯಾದರು. ಅವರ ಅಳಿಯ, ಅಂದರೆ ಸುರಂಜನ್ ಅವರ ಭಾವ ಅಶೋಕ್ ಕುಮಾರ್ ಸೇನ್ ಕೇಂದ್ರದಲ್ಲಿ ಕಾನೂನು ಸಚಿವರಾಗಿದ್ದರು.

ಇಂಥ ಮನೆಯ ಮಗ ಕಪ್ಪು ಕೋಟು ತೊಟ್ಟು ಕೋರ್ಟಿಗೆ ಹೋಗಿದ್ದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ. ಆದರೆ ಸುರಂಜನ್ ಆರಿಸಿಕೊಂಡದ್ದು ವಾಯುಪಡೆಯ ಸಮವಸ್ತ್ರ. ಅಷ್ಟಕ್ಕೇ ನಿಲ್ಲದೆ, ಪೈಲಟ್‌ಗಳಲ್ಲೂ ಕೆಲವೇ ಮಂದಿ ಹೋಗುವ ದಾರಿ ಹಿಡಿದರು. ಬ್ರಿಟನ್ನಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲ್‌ನಲ್ಲಿ ತರಬೇತಿ ಪಡೆದು ಟೆಸ್ಟ್ ಪೈಲಟ್ ಆದರು. ಜಗತ್ತಿನಲ್ಲಿ ಟೆಸ್ಟ್ ಪೈಲಟ್‌ಗಳಿಗೆಂದೇ ಶುರುವಾದ ಮೊದಲ ಶಾಲೆ ಅದು. ಅಂದಿಗೆ ಭಾರತದಲ್ಲಿ ಅಂಥ ಶಾಲೆಯೇ ಇರಲಿಲ್ಲ.

ಟೆಸ್ಟ್ ಪೈಲಟ್ ಕೆಲಸ ಏನು?

ಸಾಮಾನ್ಯ ಪೈಲಟ್‌ಗೆ ತನ್ನ ವಿಮಾನ ಹೇಗೆ ವರ್ತಿಸುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ. ಎಷ್ಟು ವೇಗದಲ್ಲಿ ನೆಲ ಬಿಡಬೇಕು, ಎಷ್ಟು ವೇಗಕ್ಕಿಂತ ಕಡಿಮೆಯಾದರೆ ಬೀಳುತ್ತದೆ, ಯಾವ ತಿರುವು ಅಪಾಯ ಎಂಬುದೆಲ್ಲ ಕೈಪಿಡಿಯಲ್ಲಿ ಬರೆದಿರುತ್ತದೆ. ಆ ಕೈಪಿಡಿಗೆ ಬೇಕಾದ ಅಂಕಿಅಂಶ ತಂದುಕೊಡುವವನೇ ಟೆಸ್ಟ್ ಪೈಲಟ್.

ಹೊಸ ವಿಮಾನವನ್ನು ಒಂದೊಂದೇ ಹೆಜ್ಜೆ ಮುಂದಕ್ಕೆ ತಳ್ಳುವುದು ಅವನ ಕೆಲಸ. ಇವತ್ತು ಇಷ್ಟು ವೇಗ, ನಾಳೆ ಇನ್ನೂ ಸ್ವಲ್ಪ ಹೆಚ್ಚು. ಇವತ್ತು ಇಷ್ಟು ಎತ್ತರ, ಮುಂದಿನ ವಾರ ಅದಕ್ಕಿಂತ ಮೇಲೆ. ರೆಕ್ಕೆ ಅದುರುತ್ತದೆಯೇ, ಚುಕ್ಕಾಣಿ ಬಿಗಿಯಾಗುತ್ತದೆಯೇ, ಒಂದು ಎಂಜಿನ್ ನಿಂತರೆ ಏನಾಗುತ್ತದೆ ಎಂಬುದನ್ನೆಲ್ಲ ಗಮನಿಸಬೇಕು. ಕೆಳಗಿಳಿದ ಮೇಲೆ ಎಂಜಿನಿಯರ್‌ಗಳ ಜತೆ ಕೂತು, ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಹಾರುವ ಚಾತುರ್ಯದಷ್ಟೇ ಮುಖ್ಯವಾದದ್ದು ಈ ವರದಿ. ಡಿಸೈನರ್ ಕಾಗದದ ಮೇಲೆ ಮಾಡಿದ ಲೆಕ್ಕ ಸರಿಯೇ ತಪ್ಪೇ ಎಂದು ಮೊದಲು ತಿಳಿಯುವುದು ಕಾಕ್‌ಪಿಟ್‌ನಲ್ಲಿ ಕೂತವನಿಗೇ.

ಬೆಂಗಳೂರಿಗೆ ಬಂದ ಜರ್ಮನ್ ಡಿಸೈನರ್

ದಾಸ್ ಅವರ ಬದುಕಿನ ಮುಖ್ಯ ಅಧ್ಯಾಯ ಬೆಂಗಳೂರಿನದು. ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸಂಸ್ಥಾನದ ಸಹಯೋಗದಲ್ಲಿ ಶುರುವಾಗಿತ್ತು. ಇವತ್ತಿನ ಎಚ್‌ಎಎಲ್ ಬೆಳೆದದ್ದು ಅಲ್ಲಿಂದಲೇ. ಮಹಾಯುದ್ಧದ ಕಾಲದಲ್ಲಿ ವಿಮಾನಗಳ ರಿಪೇರಿ, ಜೋಡಣೆ ನಡೆಯುತ್ತಿದ್ದ ಜಾಗ ಅದು. ಸ್ವಾತಂತ್ರ್ಯ ಬಂದ ಮೇಲೆ ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಸ್ವಂತ ವಿಮಾನದ ವಿನ್ಯಾಸ ಆರಂಭವಾಯಿತು. 1951ರಲ್ಲಿ ಅವರ ತಂಡದ ಎಚ್‌ಟಿ-2 ತರಬೇತಿ ವಿಮಾನ ಹಾರಿತು.

ಎಚ್‌ಟಿ-2 ಪ್ರೊಪೆಲ್ಲರ್ ಇದ್ದ ಚಿಕ್ಕ ವಿಮಾನ. ಅಲ್ಲಿಂದ ಮುಂದಿನ ಜಿಗಿತ ಮಾತ್ರ ಬಹಳ ದೊಡ್ಡದು. ವಾಯುಪಡೆ ಕೇಳಿದ್ದು ಶಬ್ದದ ಎರಡು ಪಟ್ಟು ವೇಗದ, 60,000 ಅಡಿ ಎತ್ತರಕ್ಕೆ ಏರಬಲ್ಲ, 500 ಮೈಲಿ ದೂರ ಹೋಗಿ ಕಾದಾಡಿ ಮರಳಬಲ್ಲ ಜೆಟ್ ಯುದ್ಧವಿಮಾನವನ್ನು. 1950ರ ದಶಕದಲ್ಲಿ ಮುಂದುವರಿದ ದೇಶಗಳಿಗೂ ಇದು ಸುಲಭದ ಬೇಡಿಕೆಯಾಗಿರಲಿಲ್ಲ.

ಈ ಕೆಲಸಕ್ಕೆಂದು 1956ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಬಂದವರು ಕುರ್ಟ್ ಟ್ಯಾಂಕ್. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಪ್ರಮುಖ ಯುದ್ಧವಿಮಾನವಾಗಿದ್ದ ಫಾಕ್-ವುಲ್ಫ್ 190ರ ಸೃಷ್ಟಿಕರ್ತ. ಯುದ್ಧದ ನಂತರ ಅರ್ಜೆಂಟೀನಾಕ್ಕೆ ಹೋಗಿ ಅಲ್ಲಿ ಪುಲ್ಕಿ-2 ಜೆಟ್ ರೂಪಿಸಿದ್ದರು. ಅವರ ಜತೆ ಜರ್ಮನ್ ಎಂಜಿನಿಯರ್‌ಗಳ ಪುಟ್ಟ ತಂಡವಿತ್ತು. ಅವರಿಗೆ ಭಾರತೀಯ ಎಂಜಿನಿಯರ್‌ಗಳು ಜತೆಯಾದರು. ಹೊಸ ವಿಮಾನಕ್ಕೆ ಎಚ್‌ಎಫ್-24 ಎಂದು ಹೆಸರಾಯಿತು. ನಂತರ ಅದಕ್ಕೆ ಸಿಕ್ಕ ಹೆಸರು ನಮಗೆಲ್ಲ ಅರ್ಥವಾಗುವಂಥದ್ದು: ಮಾರುತ್, ಅಂದರೆ ಗಾಳಿ.

ಅಂದು ದೇಶದಲ್ಲಿ ಶಬ್ದಾತೀತ ವೇಗದ ಪರೀಕ್ಷೆಗೆ ದೊಡ್ಡ ವಿಂಡ್ ಟನಲ್ ಇರಲಿಲ್ಲ. ಬೆಂಗಳೂರಿನ ಎನ್‌ಎಎಲ್‌ನಲ್ಲಿ ಅದು ಸಿದ್ಧವಾಗಿದ್ದು 1967ರಲ್ಲಿ. ಹೀಗಾಗಿ ವಿನ್ಯಾಸಕಾರರು ವಿಮಾನದ ಪೂರ್ಣ ಗಾತ್ರದ ಮರದ ಗ್ಲೈಡರ್ ಒಂದನ್ನು ಕಟ್ಟಿದರು. ಎಂಜಿನ್ ಇಲ್ಲದ ಆ ಎಕ್ಸ್-241 ಗ್ಲೈಡರನ್ನು ಡಕೋಟಾ ವಿಮಾನವೊಂದು ಮೇಲಕ್ಕೆ ಎಳೆದೊಯ್ದು ಬಿಡುತ್ತಿತ್ತು. 1959ರ ಏಪ್ರಿಲ್‌ನಿಂದ ಅದು ಹಲವಾರು ಬಾರಿ ಹಾರಿತು. ಕಡಿಮೆ ವೇಗದಲ್ಲಿ ವಿಮಾನ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಗೊತ್ತಾಯಿತು. ಎಂಜಿನ್ ಹಾಕಿದ ಮೇಲೆ ಹೇಗೆ ಎಂಬ ಪ್ರಶ್ನೆ ಹಾಗೇ ಉಳಿದಿತ್ತು.

1961ರ ಜೂನ್ 17

ಆ ಪ್ರಶ್ನೆಗೆ ಉತ್ತರ ತರುವ ಹೊಣೆ ಬಿದ್ದದ್ದು ಆಗ ವಿಂಗ್ ಕಮಾಂಡರ್ ಆಗಿದ್ದ ಸುರಂಜನ್ ದಾಸ್ ಅವರ ಮೇಲೆ. 1961ರ ಜೂನ್ 17ರಂದು ಅವರು ಎಚ್‌ಎಫ್-24 ಮೂಲಮಾದರಿಯನ್ನು ಎಚ್‌ಎಎಲ್ ರನ್‌ವೇಯಿಂದ ಮೇಲಕ್ಕೆತ್ತಿದರು. ಅವರಿಗಾಗ 41 ವರ್ಷ. ಹಾರಾಟ ಮುಗಿಸಿ ಸುರಕ್ಷಿತವಾಗಿ ಇಳಿದರು. ಸ್ವಂತ ನೆಲದಲ್ಲಿ ವಿನ್ಯಾಸಗೊಳಿಸಿ ಕಟ್ಟಿದ ಜೆಟ್ ಫೈಟರ್ ಹಾರಿಸಿದ ಕೆಲವೇ ದೇಶಗಳ ಸಾಲಿಗೆ ಭಾರತ ಸೇರಿತು.

ಒಂದು ವಾರದ ಬಳಿಕ, ಜೂನ್ 24ರಂದು ರಕ್ಷಣಾ ಸಚಿವ ವಿ.ಕೆ. ಕೃಷ್ಣ ಮೆನನ್ ಅವರ ಎದುರು ಅಧಿಕೃತ ಪ್ರದರ್ಶನ ನಡೆಯಿತು. ಅಂದೂ ವಿಮಾನ ಹಾರಿಸಿದವರು ದಾಸ್. ಮಾರುತ್‌ನ ಮೊದಲ ಹಾರಾಟ ಎಂದು ಹಲವೆಡೆ ಜೂನ್ 24ರ ದಿನಾಂಕವೇ ಕಾಣಲು ಇದು ಕಾರಣ.

ಕಾರ್ಖಾನೆ ಶುರುವಾಗಿ ಅಂದಿಗೆ 21 ವರ್ಷವೂ ಆಗಿರಲಿಲ್ಲ. ಮೊದಲ ಸ್ವದೇಶಿ ತರಬೇತಿ ವಿಮಾನ ಹಾರಿ ಸುಮಾರು 10 ವರ್ಷ ಆಗಿತ್ತಷ್ಟೆ. ಆ ಲೆಕ್ಕದಲ್ಲಿ ನೋಡಿದರೆ ಈ ಸಾಧನೆ ಎಷ್ಟು ದೊಡ್ಡದು ಎಂಬುದು ತಿಳಿಯುತ್ತದೆ.

ಕಿರಣ್ ಕೂಡ ಇವರ ಕೈಯಲ್ಲೇ

ದಾಸ್ ಅವರ ಹೆಸರು ಮಾರುತ್ ಒಂದಕ್ಕೇ ಅಂಟಿಕೊಂಡಿಲ್ಲ. 1964ರ ಸೆಪ್ಟೆಂಬರ್ 4ರಂದು ಎಚ್‌ಎಎಲ್‌ನ ಮತ್ತೊಂದು ವಿಮಾನ ಮೊದಲ ಸಲ ಹಾರಿತು. ಘಾಟಗೆ ಅವರ ತಂಡ ರೂಪಿಸಿದ ಎಚ್‌ಜೆಟಿ-16 ಕಿರಣ್ ಜೆಟ್ ತರಬೇತಿ ವಿಮಾನ ಅದು. ಅದರ ಕಾಕ್‌ಪಿಟ್‌ನಲ್ಲೂ ಇದ್ದವರು ಸುರಂಜನ್ ದಾಸ್.

ಕಿರಣ್ ಎಂದರೆ ತಕ್ಷಣ ನೆನಪಾಗದವರಿಗೂ ಸೂರ್ಯಕಿರಣ್ ಎಂದರೆ ಗೊತ್ತಾಗುತ್ತದೆ. ಯಲಹಂಕದ ಏರೋ ಇಂಡಿಯಾದಲ್ಲಿ ಕೆಂಪು-ಬಿಳಿ ವಿಮಾನಗಳು ಸಾಲಾಗಿ ಹಾರಿ ಜನರನ್ನು ಬೆರಗುಗೊಳಿಸುತ್ತಿದ್ದವಲ್ಲ, 1996ರಲ್ಲಿ ಶುರುವಾದ ಆ ತಂಡ ವರ್ಷಗಟ್ಟಲೆ ಬಳಸಿದ್ದು ಕಿರಣ್ ಮಾರ್ಕ್-2 ವಿಮಾನಗಳನ್ನೇ. ವಾಯುಪಡೆಯ ಎಷ್ಟೋ ತಲೆಮಾರಿನ ಪೈಲಟ್‌ಗಳು ಜೆಟ್ ಹಾರಿಸಲು ಕಲಿತದ್ದು ಕಿರಣ್‌ನಲ್ಲಿ. ಅವರೆಲ್ಲರಿಗಿಂತ ಮೊದಲು ಅದನ್ನು ಹಾರಿಸಿ ನೋಡಿದವರು ದಾಸ್.

ದೇಹ ಗಟ್ಟಿ, ಎಂಜಿನ್ ಕೊರತೆ

ಇತ್ತ ಮಾರುತ್‌ಗೆ ದೊಡ್ಡದೊಂದು ಕಂಟಕ ಎದುರಾಗಿತ್ತು. ವಿಮಾನದ ವಿನ್ಯಾಸ ನಡೆದಿದ್ದು ಬ್ರಿಟನ್ನಿನ ಬ್ರಿಸ್ಟಲ್ ಕಂಪನಿಯ ಆರ್ಫಿಯಸ್-12 ಎಂಬ ಎಂಜಿನ್ ಸಿಗುತ್ತದೆ ಎಂಬ ಭರವಸೆಯಲ್ಲಿ. ಆಫ್ಟರ್‌ಬರ್ನರ್ ಜತೆ ತಲಾ 8,000 ಪೌಂಡ್‌ಗೂ ಹೆಚ್ಚು ನೂಕುಬಲ ಕೊಡಬೇಕಿದ್ದ ಎಂಜಿನ್ ಅದು. ಆದರೆ ಅದರ ಅಭಿವೃದ್ಧಿ ಅರ್ಧಕ್ಕೇ ನಿಂತಿತು. ಮುಂದುವರಿಸಲು ಬೇಕಾದ ಹಣವನ್ನು ಬ್ರಿಟನ್ ಕೊಡಲಿಲ್ಲ, ಭಾರತವೂ ಭರಿಸಲಿಲ್ಲ.

ಕೊನೆಗೆ ಮಾರುತ್‌ಗೆ ಸಿಕ್ಕಿದ್ದು ಆರ್ಫಿಯಸ್-703. ಅದರ ನೂಕುಬಲ ತಲಾ 4,850 ಪೌಂಡ್. ಎರಡು ಎಂಜಿನ್ ಸೇರಿದರೂ ಬೇಕಾದ ಬಲಕ್ಕಿಂತ ಬಹಳ ಕಡಿಮೆ. ಶಬ್ದದ ಎರಡು ಪಟ್ಟು ವೇಗಕ್ಕೆಂದು ಹೊರಟ ವಿಮಾನ ನೇರ ಹಾರಾಟದಲ್ಲಿ ಶಬ್ದದ ವೇಗದ ಹತ್ತಿರಕ್ಕೆ ಬಂದು ನಿಂತಿತು. ಲಾರಿಗೆ ಕಾರಿನ ಎಂಜಿನ್ ಕೂರಿಸಿದಂತಾಗಿತ್ತು ಸ್ಥಿತಿ.

ಹೊಸ ಎಂಜಿನ್‌ಗಾಗಿ ಹುಡುಕಾಟ ನಡೆಯಿತು. ಸೋವಿಯತ್ ಒಕ್ಕೂಟದ ಆರ್‌ಡಿ-9 ಎಂಜಿನ್ ಪರಿಶೀಲನೆಗೆ ಬಂತು, ಹೊಂದಲಿಲ್ಲ. ಈಜಿಪ್ಟ್ ತನ್ನ ಎಚ್‌ಎ-300 ಫೈಟರ್‌ಗಾಗಿ ಇ-300 ಎಂಬ ಎಂಜಿನ್ ತಯಾರಿಸುತ್ತಿತ್ತು. ಅದನ್ನು ಪರೀಕ್ಷಿಸಲು ಭಾರತ ಒಂದು ಮಾರುತ್ ವಿಮಾನವನ್ನೇ ಅಲ್ಲಿಗೆ ಕಳುಹಿಸಿತು. 1967ರಲ್ಲಿ ಒಂದು ಕಡೆ ಈಜಿಪ್ಟಿನ ಎಂಜಿನ್, ಇನ್ನೊಂದು ಕಡೆ ಆರ್ಫಿಯಸ್ ಹೊತ್ತು ಅದು ಹಾರಿತು. ಆದರೆ 1969ರ ಹೊತ್ತಿಗೆ ಈಜಿಪ್ಟ್ ಆ ಯೋಜನೆಯನ್ನೇ ಕೈಬಿಟ್ಟಿತು.

ಉಳಿದ ದಾರಿ ಒಂದೇ: ಇರುವ ಆರ್ಫಿಯಸ್-703 ಎಂಜಿನ್‌ಗೆ ನಾವೇ ಆಫ್ಟರ್‌ಬರ್ನರ್ ಜೋಡಿಸುವುದು. ಎಂಜಿನ್‌ನಿಂದ ಹೊರಬರುವ ಬಿಸಿ ಗಾಳಿಗೆ ಮತ್ತೊಮ್ಮೆ ಇಂಧನ ಸಿಂಪಡಿಸಿ ಉರಿಸಿದರೆ ಹೆಚ್ಚುವರಿ ನೂಕುಬಲ ಸಿಗುತ್ತದೆ. ಈ ಕೆಲಸಕ್ಕೆ ಇಳಿದದ್ದು ಬೆಂಗಳೂರಿನ ಗ್ಯಾಸ್ ಟರ್ಬೈನ್ ರಿಸರ್ಚ್ ಎಸ್ಟಾಬ್ಲಿಷ್‌ಮೆಂಟ್, ಅಂದರೆ ಜಿಟಿಆರ್‌ಇ. 1959ರಲ್ಲಿ ಕಾನ್ಪುರದಲ್ಲಿ ಶುರುವಾಗಿ 1961ರಲ್ಲಿ ಬೆಂಗಳೂರಿಗೆ ಬಂದ ಸಂಸ್ಥೆ.

ಹೇಳಲು ಸುಲಭ, ಮಾಡಲು ಕಷ್ಟ. ಆಫ್ಟರ್‌ಬರ್ನರ್ ಕೂರಿಸಲು ವಿಮಾನದ ಹಿಂಭಾಗ ಅಗಲವಾಗಬೇಕು. ಅಗಲವಾದರೆ ಗಾಳಿಯ ಎಳೆತ ಹೆಚ್ಚುತ್ತದೆ. ಒಂದು ಕೈಯಲ್ಲಿ ಸಿಕ್ಕ ಬಲ ಇನ್ನೊಂದು ಕೈಯಲ್ಲಿ ಸೋರಿಹೋಗುತ್ತದೆ. ಲಾಭ ಎಷ್ಟು, ನಷ್ಟ ಎಷ್ಟು ಎಂಬುದನ್ನು ಹಾರಿಸಿಯೇ ನೋಡಬೇಕಿತ್ತು. ಅಷ್ಟರಲ್ಲಿ ಕುರ್ಟ್ ಟ್ಯಾಂಕ್ ಭಾರತ ಬಿಟ್ಟು ತಮ್ಮ ದೇಶಕ್ಕೆ ಮರಳಿದ್ದರು. ಮಾರುತ್‌ನ ಮುಂದಿನ ಹೊಣೆಯೆಲ್ಲ ಭಾರತೀಯರದ್ದೇ ಆಗಿತ್ತು.

1970ರ ಜನವರಿ 10

ಆಫ್ಟರ್‌ಬರ್ನರ್ ಇದ್ದ ಆ ಮೂಲಮಾದರಿಗೆ ಮಾರ್ಕ್-1ಆರ್ ಎಂದು ಹೆಸರು. 1970ರ ಜನವರಿ 10ರಂದು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್ ಅದನ್ನು ಹಾರಿಸಲು ಕಾಕ್‌ಪಿಟ್ ಏರಿದರು. ಮಾರುತ್‌ನ ಮೊದಲ ಹಾರಾಟ ನಡೆಸಿ ಎಂಟೂವರೆ ವರ್ಷ ಕಳೆದಿತ್ತು. ಅದರ ಗುಣ, ದೋಷ ಎರಡನ್ನೂ ಅವರಷ್ಟು ಹತ್ತಿರದಿಂದ ಬಲ್ಲ ಪೈಲಟ್‌ಗಳು ಕಡಿಮೆ.

ಆ ಹಾರಾಟದಿಂದ ಅವರು ಮರಳಿ ಬರಲಿಲ್ಲ. ಬೆಂಗಳೂರಿನಲ್ಲೇ ವಿಮಾನ ಅಪಘಾತಕ್ಕೀಡಾಗಿ ದಾಸ್ ಕೊನೆಯುಸಿರೆಳೆದರು. 50ನೇ ಹುಟ್ಟುಹಬ್ಬಕ್ಕೆ ಇನ್ನು ಆರು ವಾರಗಳಷ್ಟೇ ಬಾಕಿ ಇದ್ದವು.

ಅದೇ ವರ್ಷ ಕೇಂದ್ರ ಸರ್ಕಾರ ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣ ನೀಡಿ ಗೌರವಿಸಿತು. ಭಾರತರತ್ನದ ನಂತರ ದೇಶದ ಅತ್ಯುನ್ನತ ನಾಗರಿಕ ಪ್ರಶಸ್ತಿ ಅದು. ಯುದ್ಧಭೂಮಿಯಲ್ಲಿ ಹೋರಾಡಿದವರಿಗೆ ಚಕ್ರಗಳು, ಪದಕಗಳು ಸಿಗುತ್ತವೆ. ಶಾಂತಿಕಾಲದಲ್ಲಿ ಹೊಸ ವಿಮಾನ ಪರೀಕ್ಷಿಸುತ್ತ ಮಡಿದ ಅಧಿಕಾರಿಗೆ ಇಷ್ಟು ದೊಡ್ಡ ಗೌರವ ಸಂದದ್ದು ಅಪರೂಪ.

ತಂದೆ ಸುಧಿ ರಂಜನ್ ದಾಸ್ ಅವರಿಗೆ ಆಗ 75 ವರ್ಷ. ದೇಶದ ಮುಖ್ಯ ನ್ಯಾಯಮೂರ್ತಿ ಪೀಠದಲ್ಲಿ ಕೂತಿದ್ದ ಹಿರಿಯರು ಮಗನ ಸಾವನ್ನು ಕಾಣಬೇಕಾಯಿತು. ಆ ಬಳಿಕ ಏಳು ವರ್ಷ ಬದುಕಿದ್ದ ಅವರು 1977ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

ದಾಸ್ ನಂತರ ಮಾರುತ್

ದಾಸ್ ನಿಧನರಾದ ಮೂರೂವರೆ ತಿಂಗಳಿಗೆ, 1970ರ ಏಪ್ರಿಲ್ 30ರಂದು ಎರಡು ಸೀಟಿನ ಮಾರುತ್ ತರಬೇತಿ ಮಾದರಿ ಮೊದಲ ಸಲ ಹಾರಿತು. ಕೆಲಸ ನಿಲ್ಲಲಿಲ್ಲ. ಆದರೆ ಆಫ್ಟರ್‌ಬರ್ನರ್ ಇರುವ ಮಾರುತ್ ಎಂದೂ ವಾಯುಪಡೆ ಸೇರಲಿಲ್ಲ.

ಅದೇ ದುರ್ಬಲ ಎಂಜಿನ್ ಹೊತ್ತೇ ಮಾರುತ್ 1971ರ ಯುದ್ಧಕ್ಕೆ ಹೋಯಿತು. ರಾಜಸ್ಥಾನದ ಉತ್ತರಲಾಯಿ, ಜೋಧಪುರ ನೆಲೆಗಳಿಂದ ಹಾರಿ ಶತ್ರುವಿನ ಟ್ಯಾಂಕ್, ರೈಲು, ಮದ್ದುಗುಂಡು ದಾಸ್ತಾನುಗಳ ಮೇಲೆ ದಾಳಿ ನಡೆಸಿತು. ನೆಲದಿಂದ ಬಂದ ಗುಂಡಿಗೆ ಒಂದು ಎಂಜಿನ್ ಕೆಟ್ಟರೂ ಇನ್ನೊಂದೇ ಎಂಜಿನ್‌ನಲ್ಲಿ ಪೈಲಟ್‌ಗಳನ್ನು ಮನೆಗೆ ಮುಟ್ಟಿಸಿದ ಉದಾಹರಣೆಗಳಿವೆ. ಆಕಾಶದ ಕಾಳಗದಲ್ಲಿ ಒಂದು ಮಾರುತ್ ಕೂಡ ಶತ್ರು ವಿಮಾನಕ್ಕೆ ಬಲಿಯಾಗಲಿಲ್ಲ. ಕೆಳಮಟ್ಟದಲ್ಲಿ ಹಾರುವಾಗ ಅದು ಸ್ಥಿರವಾಗಿತ್ತು, ಗಟ್ಟಿಯಾಗಿತ್ತು. ಟ್ಯಾಂಕ್ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಕಟ್ಟಿದ ದೇಹ ಎಷ್ಟು ಸಮರ್ಥವಾಗಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಒಟ್ಟು 147 ಮಾರುತ್‌ಗಳು ತಯಾರಾದವು. ವೇಗದ ಗುರಿ ಮುಟ್ಟಲಿಲ್ಲ ಎಂಬ ಕೊರಗಿನ ಜತೆಗೇ 1980ರ ದಶಕದಲ್ಲಿ ಅವು ಸೇವೆಯಿಂದ ಹಿಂದೆ ಸರಿಯತೊಡಗಿದವು. ಇವತ್ತು ಮಾರುತ್ ನೋಡಬೇಕೆಂದರೆ ಬೆಂಗಳೂರಿನ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ಗೆ ಹೋಗಬಹುದು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಆವರಣದಲ್ಲೂ ಒಂದಿದೆ. ಮಕ್ಕಳು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ.

ದಾಸ್ ಅವರ ಕಾಲದಲ್ಲಿ ಟೆಸ್ಟ್ ಪೈಲಟ್ ಆಗಲು ವಿದೇಶಕ್ಕೆ ಹೋಗಬೇಕಿತ್ತು. 1970ರ ದಶಕದ ಆರಂಭದಲ್ಲಿ ಆ ಪರಿಸ್ಥಿತಿಯೂ ಬದಲಾಯಿತು. ವಾಯುಪಡೆಯ ಪರೀಕ್ಷಾ ಸಂಸ್ಥೆ ಎಎಸ್‌ಟಿಇ ಬೆಂಗಳೂರಿನಲ್ಲಿ ನೆಲೆಯೂರಿತು, ಅದರಡಿಯಲ್ಲೇ ಟೆಸ್ಟ್ ಪೈಲಟ್‌ಗಳ ಶಾಲೆ ಶುರುವಾಯಿತು.

2001ರ ಜನವರಿ 4ರಂದು ಎಚ್‌ಎಎಲ್‌ನ ಅದೇ ರನ್‌ವೇಯಿಂದ ಮತ್ತೊಂದು ಸ್ವದೇಶಿ ಯುದ್ಧವಿಮಾನ ಮೇಲೇರಿತು. ವಿಂಗ್ ಕಮಾಂಡರ್ ರಾಜೀವ್ ಕೋಥಿಯಾಲ್ ಹಾರಿಸಿದ ಆ ಲಘು ಯುದ್ಧವಿಮಾನವೇ ಮುಂದೆ ತೇಜಸ್ ಆಯಿತು. ಮಾರುತ್‌ನ ಮೊದಲ ಹಾರಾಟದ ನಂತರ ಇಂಥದ್ದೊಂದು ದಿನಕ್ಕಾಗಿ ದೇಶ ಸುಮಾರು 40 ವರ್ಷ ಕಾಯಬೇಕಾಯಿತು.

ಹೆಸರಿರುವ ರಸ್ತೆ, ಮುಗಿಯದ ಕೆಲಸ

ತೇಜಸ್‌ನ ಒಡಲಲ್ಲಿರುವುದೂ ವಿದೇಶಿ ಎಂಜಿನ್, ಅಮೆರಿಕದ ಜಿಇ ಕಂಪನಿಯ ಎಫ್-404. ಅದಕ್ಕೆಂದು ಶುರುವಾದ ಸ್ವದೇಶಿ ಕಾವೇರಿ ಎಂಜಿನ್ ಬೇಕಾದ ನೂಕುಬಲ ಕೊಡಲಾಗದೆ, 2008ರಲ್ಲಿ ತೇಜಸ್ ಯೋಜನೆಯಿಂದ ಬೇರ್ಪಟ್ಟಿತು. ವಿಮಾನ ನಮ್ಮದು, ಎಂಜಿನ್ ಬೇರೆಯವರದ್ದು ಎಂಬ ಮಾರುತ್ ಕಾಲದ ಕಥೆ ಇನ್ನೂ ಮುಗಿದಿಲ್ಲ. ಎಂಜಿನ್ ಪೂರೈಕೆ ತಡವಾದಾಗಲೆಲ್ಲ ತೇಜಸ್ ವಿಮಾನಗಳ ಹಸ್ತಾಂತರವೂ ತಡವಾಗುವುದನ್ನು ಓದುಗರು ಸುದ್ದಿಗಳಲ್ಲಿ ಗಮನಿಸಿರಬಹುದು.

ಕಾವೇರಿ ಎಂಜಿನ್ ರೂಪಿಸಿದ್ದು ಯಾರು ಗೊತ್ತೇ? ದಾಸ್ ಅವರ ಕೊನೆಯ ವಿಮಾನದ ಆಫ್ಟರ್‌ಬರ್ನರ್ ಮೇಲೆ ಕೆಲಸ ಮಾಡಿದ್ದ ಅದೇ ಜಿಟಿಆರ್‌ಇ. ಸಿ.ವಿ. ರಾಮನ್ ನಗರದಲ್ಲಿರುವ ಆ ಸಂಸ್ಥೆಯ ವಿಳಾಸ ಕೂಡ ಸುರಂಜನ್ ದಾಸ್ ರಸ್ತೆಯೇ. ದೇಶಕ್ಕೆ ಸ್ವಂತ ಜೆಟ್ ಎಂಜಿನ್ ಕೊಡಬೇಕೆಂದು ದುಡಿಯುವ ವಿಜ್ಞಾನಿಗಳು ಪ್ರತಿದಿನ ಬೆಳಗ್ಗೆ ಕೆಲಸಕ್ಕೆ ಹೋಗುವುದು, ಆ ಪ್ರಯತ್ನದಲ್ಲೇ ಪ್ರಾಣ ಕೊಟ್ಟ ಪೈಲಟ್‌ನ ಹೆಸರಿನ ದಾರಿಯಲ್ಲಿ.

ಮುಂದಿನ ಸಲ ಆ ರಸ್ತೆಯ ಸಿಗ್ನಲ್‌ನಲ್ಲಿ ನಿಂತಾಗ, ಎಚ್‌ಎಎಲ್ ಕಡೆಯಿಂದ ಜೆಟ್ ಒಂದರ ಸದ್ದು ಕೇಳಿದರೆ ಒಮ್ಮೆ ತಲೆ ಎತ್ತಿ ನೋಡಿ. ಹೊಸ ವಿಮಾನವೊಂದನ್ನು ಯಾರೋ ಪರೀಕ್ಷಿಸುತ್ತಿರಬಹುದು. ಈ ಊರಿನ ಆಕಾಶದಲ್ಲಿ ಆ ಕೆಲಸಕ್ಕೆ ದಾರಿ ಮಾಡಿಕೊಟ್ಟವರಲ್ಲಿ ಸುರಂಜನ್ ದಾಸ್ ಪ್ರಮುಖರು.